ಪಹಣಿಯಲ್ಲಿ ಬಾರದ ಮ್ಯೂಟೇಶನ್

(ಶಿರಸಿಯಲ್ಲಿ ಆಷಾಢದ ಒಂದು ಸಂಜೆ ಆಡಿದ ಮಾತು ಇದು. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಸಂತೋಷ. ಬಾಗಿಲ ಹತ್ತಿರ ಕೊಡೆಗಳ ರಾಶಿ ಬಿದ್ದಿದೆ. ಎಲ್ಲವೂ ಕಪ್ಪೇ. ಹೋಗುವಾಗ ನಿಮ್ಮದನ್ನೇ ಹುಡುಕಿಕೊಂಡು ಹೋಗಿ.

ಒಳಗೆ ಬರುವಾಗ ಒಬ್ಬ ಹಿರಿಯರು ನನ್ನನ್ನು ತಡೆದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದಪತ್ರ. "ಮಾಸ್ತರೇ, ಇವತ್ತು ಮ್ಯೂಟೇಶನ್ ಬಗ್ಗೆ ಹೇಳ್ತೀರಂತೆ. ನಮ್ಮ ಪಾಲಿನದು ಎರಡು ವರ್ಷದಿಂದ ಆಗಿಲ್ಲ. ಯಾರನ್ನು ಹಿಡಿಯಬೇಕು?" ಅಂದರು. ನಾನು ಹೇಳುವುದು ಜಮೀನಿನ ಖಾತೆ ಬದಲಾಯಿಸುವ ಆ ಮ್ಯೂಟೇಶನ್ ಅಲ್ಲ, ಮೈಯೊಳಗಿನದು ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಳೆ ನಿಲ್ಲುವವರೆಗೆ ಕೂತಿರ್ತೆ" ಅಂದರು. ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ನಿಜ ಹೇಳಬೇಕೆಂದರೆ ಅವರಿಂದ ನನಗೆ ಉಪಕಾರವೇ ಆಯಿತು. ಶಾಲೆಯ ಪುಸ್ತಕದಲ್ಲಿ ಇದಕ್ಕೆ 'ಉತ್ಪರಿವರ್ತನೆ' ಎಂಬ ಪದವಿದೆ. ಮೂವತ್ತು ವರ್ಷ ಪಾಠ ಮಾಡಿದೆ, ಒಂದು ಮಗುವಿನ ಮುಖವೂ ಆ ಪದಕ್ಕೆ ಅರಳಲಿಲ್ಲ. ಪಹಣಿ ಎಂದರೆ ಎಲ್ಲರಿಗೂ ಗೊತ್ತು. ಹಾಗಾಗಿ ಅಲ್ಲಿಂದಲೇ ಹೊರಡೋಣ.

ನಮ್ಮ ಅಜ್ಜನ ಹೆಸರಿನಲ್ಲಿ ಹದಿನೇಳು ಗುಂಟೆ ಬೆಟ್ಟದ ಪಕ್ಕದ ಜಾಗ ಇತ್ತು. ಕೈಬರಹದ ಹಳೆಯ ದಾಖಲೆಯಲ್ಲಿ 17 ಅಂತಲೇ ಇದೆ. ಅದನ್ನು ಕಂಪ್ಯೂಟರಿಗೆ ಏರಿಸುವಾಗ ಯಾರದೋ ಬೆರಳು ತಪ್ಪಿ ಒಂದು ಅಂಕೆ ಬಿಟ್ಟುಹೋಯಿತು. 17 ಹೋಗಿ 7 ಆಯಿತು. ಅಲ್ಲಿಂದಾಚೆ ಪ್ರತಿ ವರ್ಷದ ಪಹಣಿಯಲ್ಲೂ ಏಳೇ. ಯಾರೂ ಬೇಕೆಂದು ಮಾಡಿದ್ದಲ್ಲ. ತಪ್ಪು ಒಮ್ಮೆ ನುಸುಳಿತು, ಆಮೇಲೆ ತಪ್ಪನ್ನೇ ಸರಿಯಾಗಿ ನಕಲು ಮಾಡುತ್ತ ಹೋದರು. ಮೈಯೊಳಗಿನ ಮ್ಯೂಟೇಶನ್ ಕೂಡ ಇಷ್ಟೇ. ನಕಲು ಮಾಡುವಾಗ ಬಿದ್ದ ಒಂದು ತಪ್ಪು, ಮುಂದಿನ ನಕಲುಗಳಿಗೆಲ್ಲ ದಾಟುವುದು.

ಜೀವಕೋಶದೊಳಗಿನ ದಾಖಲೆ ಪುಸ್ತಕದ ಹೆಸರು ಡಿಎನ್ಎ. ಅದರ ಭಾಷೆಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ನಮ್ಮ ಪುಸ್ತಕ ಸುಮಾರು 300 ಕೋಟಿ ಅಕ್ಷರ ಉದ್ದ. ಮೂರು ಮೂರು ಅಕ್ಷರಕ್ಕೆ ಒಂದು ಪದ. ಹೆಚ್ಚುಕಡಿಮೆ ಪ್ರತಿ ಪದವೂ ಒಂದು ಅಮೈನೋ ಆಮ್ಲದ ಹೆಸರು ಹೇಳುತ್ತದೆ. ಅವನ್ನು ಸಾಲಾಗಿ ಪೋಣಿಸಿದರೆ ಪ್ರೋಟೀನ್. ಹೀಗೆ 64 ಪದಗಳು ಆಗಬಹುದು, ಅಮೈನೋ ಆಮ್ಲಗಳು ಇಪ್ಪತ್ತೇ. ಈ ಗುಟ್ಟು ಬಿಡಿಸಿದವರಲ್ಲಿ ನಮ್ಮ ಹರಗೋಬಿಂದ್ ಖೊರಾನಾ ಒಬ್ಬರು. 1968ರಲ್ಲಿ ಅವರಿಗೆ ನೊಬೆಲ್ ಬಂತು.

ಮೂರಕ್ಷರದ ಪದ ಅಂದೆನಲ್ಲ, ಕನ್ನಡದಲ್ಲೇ ಮಾಡಿ ನೋಡೋಣ. ಹಲಗೆಯ ಮೇಲೆ ಬರೆಯುತ್ತೇನೆ:

ಅಡಿಕೆ ಸುಲಿದು ಬೇಯಿಸಿ ಹರಡು.

ಎಲ್ಲವೂ ಮೂರಕ್ಷರ. ಈಗ ಮೊದಲ ಪದದ 'ಕೆ' ತೆಗೆದು 'ಗೆ' ಹಾಕಿ. 'ಅಡಿಗೆ ಸುಲಿದು' ಅಂತಾಯಿತು. ಅರ್ಥ ಕೆಟ್ಟಿತು. ಅಡಿಗೆಯನ್ನು ಸುಲಿಯುವುದು ಹೇಗೆ? ಅದೇ 'ಅಡಿಗೆ'ಯಲ್ಲಿ 'ಡಿ' ಹೋಗಿ 'ಡು' ಬಂದರೆ 'ಅಡುಗೆ'. ಅಕ್ಷರ ಬದಲಾಯಿತು, ಅರ್ಥ ಕದಲಲಿಲ್ಲ. ಡಿಎನ್ಎಯಲ್ಲೂ ಹೀಗೆ ಆಗುತ್ತದೆ. 64 ಪದಕ್ಕೆ ಇಪ್ಪತ್ತೇ ಅರ್ಥ ಇರುವುದರಿಂದ ಎಷ್ಟೋ ತಪ್ಪುಗಳು ಸದ್ದಿಲ್ಲದೆ ಹೋಗುತ್ತವೆ.

ಮೂರನೆಯದು ನೋಡಿ. ಮೊದಲ ಪದದ 'ಡಿ'ಯನ್ನು ಸುಮ್ನೆ ಅಳಿಸಿಬಿಡಿ, ಬೇರೇನೂ ಹಾಕಬೇಡಿ. ಓದುವವನು ಮಾತ್ರ ಮೂರು ಮೂರೇ ಓದುತ್ತಾನೆ, ಅವನಿಗೆ ಬೇರೆ ಗೊತ್ತಿಲ್ಲ: ಅಕೆಸು ಲಿದುಬೇ ಯಿಸಿಹ ರಡು. (ಇಲ್ಲಿ ಸಭೆ ನಕ್ಕಿತು. ಹಿಂದೆ ಕೂತಿದ್ದ ಹುಡುಗರು ಅದನ್ನೇ ಮಂತ್ರದ ಹಾಗೆ ಎರಡು ಸಲ ಹೇಳಿದರು.) ಒಂದೇ ಅಕ್ಷರ ಹೋದದ್ದು, ಅಲ್ಲಿಂದ ಮುಂದೆ ಇಡೀ ಸಾಲು ಹಾಳು. ಅದಕ್ಕೇ ಅಕ್ಷರ ಬದಲಾಗುವುದಕ್ಕಿಂತ ಬಿಟ್ಟುಹೋಗುವುದು ಬಹಳ ಸಲ ದೊಡ್ಡ ಅನಾಹುತ. ನನ್ನ ಹತ್ತು ಗುಂಟೆ ಹೋದದ್ದೂ ಹಾಗೆಯೇ.

ಹಾಗಾದರೆ ತಪ್ಪು ಬೀಳುವುದು ಯಾಕೆ?

ಮೊದಲ ಕಾರಣಕ್ಕೆ ಹೊರಗಿನವರು ಯಾರೂ ಬೇಕಾಗಿಲ್ಲ. ಒಂದು ಕೋಶ ಎರಡಾಗುವಾಗ 300 ಕೋಟಿ ಅಕ್ಷರವನ್ನೂ ನಕಲು ಮಾಡಬೇಕು, ಅದೂ ಕೆಲವೇ ತಾಸುಗಳಲ್ಲಿ. ನಕಲು ಮಾಡುವ ಕಿಣ್ವ ಸುಮಾರು ಲಕ್ಷ ಅಕ್ಷರಕ್ಕೊಮ್ಮೆ ಎಡವುತ್ತದೆ. ಅಲ್ಲೇ ತಿರುಗಿ ನೋಡಿ ಹೆಚ್ಚಿನದನ್ನು ತಿದ್ದಿಕೊಳ್ಳುತ್ತದೆ. ಅದರ ಹಿಂದೆ ತಿದ್ದುವವರ ಇನ್ನೊಂದು ತಂಡವೇ ಬರುತ್ತದೆ. ಕೊನೆಗೆ ಉಳಿಯುವುದು ಸುಮಾರು ನೂರು ಕೋಟಿಗೆ ಒಂದು ತಪ್ಪು. ಈ ರಿಪೇರಿ ಕೆಲಸ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ನೊಬೆಲ್ ಕೊಟ್ಟರು. ಇಂಥ ರಿಪೇರಿ ವಿಭಾಗ ಇನ್ನು ಕೆಲವು ಕಚೇರಿಗಳಲ್ಲೂ ಇದ್ದಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಎರಡನೆಯದು ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಕ್ಕೆ ಬಿದ್ದಾಗ ಪಕ್ಕಪಕ್ಕದ ಎರಡು ಟಿ ಅಕ್ಷರಗಳು ಅಂಟಿಕೊಂಡುಬಿಡುತ್ತವೆ, ಒದ್ದೆಯಾದ ಪುಸ್ತಕದ ಹಾಳೆಗಳ ಹಾಗೆ. ಕೋಶ ಆ ತುಂಡನ್ನು ಕತ್ತರಿಸಿ ಹೊಸದು ಹಾಕುತ್ತದೆ. ದಿನವಿಡೀ ದೋಣಿಯಲ್ಲಿ ಇರುವ ಕಾರವಾರದ ಮೀನುಗಾರರ ಕಪ್ಪು ಮೈಬಣ್ಣ ಇದೆಯಲ್ಲ, ಅದು ಈ ಕಿರಣಕ್ಕೆ ಹಿಡಿದ ಕೊಡೆ. ಅದನ್ನು ಬಿಳಿ ಮಾಡಲು ಕ್ರೀಮು ಮಾರುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಮೂರನೆಯದನ್ನು ಹೇಳುವ ಮೊದಲು ಒಂದು ಮಾತು. ನಾನೂ ಅಡಿಕೆ ಬೆಳೆಗಾರನೇ. ಎರಡು ಎಕರೆ ತೋಟವಿದೆ, ಮನೆ ನಡೆಯುವುದು ಅದರಿಂದಲೇ. ಆದರೂ ಹೇಳದೆ ದಾಟಿದರೆ ಇಲ್ಲಿ ನಿಂತು ವಿಜ್ಞಾನ ಮಾತಾಡುವುದಕ್ಕೆ ಅರ್ಥವಿಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ರಾಸಾಯನಿಕ ಇದೆ. ಬಾಯಲ್ಲಿ ಜಗಿಯುತ್ತ ಇದ್ದಾಗ ಅದರಿಂದ ನೈಟ್ರೋಸಮೈನ್ ಎಂಬ ಜಾತಿಯ ವಸ್ತುಗಳು ಹುಟ್ಟುತ್ತವೆ. ಇವು ಡಿಎನ್ಎಗೆ ಹೋಗಿ ಅಂಟುತ್ತವೆ. ಅಂಟಿದ ಕಡೆ ನಕಲು ತಪ್ಪುತ್ತದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಇಲ್ಲದ ಬರೀ ಅಡಿಕೆಯನ್ನೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

(ಇಲ್ಲಿ ಸಭೆ ಸುಮ್ಮನಾಯಿತು. ಒಬ್ಬರು ಬಾಯಲ್ಲಿದ್ದ ಕವಳ ಉಗುಳಲು ಹೊರಗೆ ಹೋದರು. ಇನ್ನೊಬ್ಬರು ಎದ್ದು, "ನಮ್ಮ ಅಜ್ಜ ತೊಂಬತ್ತು ವರ್ಷ ಕವಳ ಹಾಕಿಯೇ ಬದುಕಿದ್ದರಲ್ಲ?" ಎಂದು ಕೇಳಿದರು.)

ಇದ್ದಿರಬಹುದು. ತಪ್ಪು ಎಲ್ಲಿ ಬೀಳುತ್ತದೆ ಎನ್ನುವುದು ಅದೃಷ್ಟದ ಆಟ. 300 ಕೋಟಿ ಅಕ್ಷರದಲ್ಲಿ ಹೆಚ್ಚಿನ ಜಾಗ ಬಿದ್ದರೂ ನಡೆಯುವಂಥದ್ದು. ಕೆಲವೇ ಕೆಲವು ಜಾಗ ಕೋಶಕ್ಕೆ ಬ್ರೇಕ್ ಇದ್ದ ಹಾಗೆ. ಪಿ53 ಎಂಬ ವಂಶವಾಹಿ, ಅಂದರೆ ಒಂದು ಪ್ರೋಟೀನಿನ ಬರಹ ಇರುವ ಡಿಎನ್ಎ ತುಂಡು, ಅಂಥದ್ದು. ಅಲ್ಲಿ ತಪ್ಪು ಬಿದ್ದು, ಇನ್ನೂ ನಾಲ್ಕಾರು ಕಡೆ ಬಿದ್ದು, ಎಲ್ಲವೂ ಒಂದೇ ಕೋಶದಲ್ಲಿ ಕೂಡಿಬಂದಾಗ ಕ್ಯಾನ್ಸರ್. ನಿಮ್ಮ ಅಜ್ಜ ಚೀಟಿ ಎತ್ತಿದರು, ಖಾಲಿ ಬಂತು. ಜಾಸ್ತಿ ಚೀಟಿ ಎತ್ತಿದವರಿಗೆಲ್ಲ ಹಾಗಾಗುವುದಿಲ್ಲ.

ಇನ್ನೊಂದು ಸಮಾಧಾನ ಇದೆ. ಬಾಯಿಯ ಕೋಶದಲ್ಲಿ ಬಿದ್ದ ತಪ್ಪು ಬಾಯಿಯಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುಗಳಲ್ಲಿ ಬಿದ್ದದ್ದು ಮಾತ್ರ. ಬಾಳೆಗೆ ಈ ನಿಯಮ ಸಡಿಲ. ಕಾಡುಬಾಳೆಯ ಹಣ್ಣಿನ ತುಂಬ ಬೀಜ, ನಾವು ತಿನ್ನುವ ಬಾಳೆಗೆ ಬೀಜವೇ ಇಲ್ಲ. ಅದನ್ನು ಹಿಳ್ಳು ಕಿತ್ತು ನೆಡುತ್ತೇವಲ್ಲ, ಗಡ್ಡೆಯ ಬೆಳೆಯುವ ಮೊಳಕೆಯಲ್ಲಿ ತಪ್ಪು ಬಿದ್ದರೆ ಹಿಳ್ಳಿನ ಜೊತೆ ಅದೂ ಪಕ್ಕದ ಮನೆಗೆ ಹೋಗುತ್ತದೆ.

(ಮುಂದಿನ ಸಾಲಿನಿಂದ ಪ್ರಶ್ನೆ: "ಮಾಸ್ತರೇ, ಕೈಗಾ ಅಣುಸ್ಥಾವರದಿಂದ ಏನೂ ಇಲ್ಲ ಅಂತೀರಾ? ನಮ್ಮ ತೋಟದಲ್ಲಿ ಒಂದು ಅಡಿಕೆ ಮರ ಕವಲೊಡೆದಿದೆ.")

ವಿಕಿರಣ ಡಿಎನ್ಎಯನ್ನು ಮುರಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳಿಗೆ ಎಕ್ಸ್-ರೇ ಹಾಯಿಸಿ ಅದನ್ನು ತೋರಿಸಿಕೊಟ್ಟರು. ಆಮೇಲೆ ನೊಬೆಲ್ ಪಡೆದರು. ಆದರೆ ಎಷ್ಟು ಬಿತ್ತು ಎನ್ನುವ ಲೆಕ್ಕವಿಲ್ಲದೆ ಈ ಮಾತು ಮುಂದೆ ಹೋಗುವುದಿಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಲ್ಲಿ ಕ್ಯಾನ್ಸರ್ ಹೆಚ್ಚಿತು. ಅವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ನೋಡಿದರೂ ವಂಶಕ್ಕೆ ದಾಟಿದ ಹಾನಿ ಸ್ಪಷ್ಟವಾಗಿ ಕಾಣಲಿಲ್ಲ. ಹಾಗಂತ ಸ್ಥಾವರದವರನ್ನು ಲೆಕ್ಕ ಕೇಳಬೇಡಿ ಅನ್ನುತ್ತಿಲ್ಲ, ಕೇಳಲೇಬೇಕು. ನಿಮ್ಮ ಕವಲು ಮರದ ಅಪರಾಧವನ್ನು ಮಾತ್ರ ನೇರವಾಗಿ ಅದರ ತಲೆಗೆ ಕಟ್ಟಬೇಡಿ. ಸುಳಿಗೆ ಏಟು ಬಿದ್ದರೂ ಮರ ಕವಲೊಡೆಯಬಹುದು. ಇನ್ನು, ವಿಕಿರಣವನ್ನು ಬೇಕೆಂದೇ ಬಳಸುವವರೂ ಇದ್ದಾರೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಎಕ್ಸ್-ರೇ ಹಾಯಿಸಿ ಪಡೆದ ಗಿಡಗಳನ್ನು ಬಳಸಿ ಶೇಂಗಾ ತಳಿಗಳನ್ನು ಮಾಡಿದರು. ಟಿಎಜಿ-24 ಹೆಸರು ಶೇಂಗಾ ಹಾಕುವವರಿಗೆ ಗೊತ್ತಿರುತ್ತದೆ.

ಈಗ ನನಗೆ ತೀರ ಮುಖ್ಯವೆನಿಸಿದ ಮಾತು. ಇದನ್ನು ಹೇಳಬೇಕೆಂದೇ ಇವತ್ತು ಒಪ್ಪಿಕೊಂಡು ಬಂದದ್ದು.

ಬಹಳ ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಒಂದು ಮನೆಯಲ್ಲಿ ಗಂಡು ಮಗು ಹುಟ್ಟಿತು. ಕೈಕಾಲು ಗಿಡ್ಡ, ತಲೆ ಸ್ವಲ್ಪ ದೊಡ್ಡದು. ಅಪ್ಪ ಅಮ್ಮ ಇಬ್ಬರೂ ಎಲ್ಲರ ಹಾಗೇ ಎತ್ತರ. ಮನೆಯ ಹಿರಿಯರು ಸೊಸೆಯನ್ನು ಹಿಡಿದುಕೊಂಡರು. ಗ್ರಹಣದ ದಿನ ಹೊರಗೆ ಬಂದಿದ್ದಳು, ತರಕಾರಿ ಹೆಚ್ಚಿದ್ದಳು, ಅವಳ ತವರಿನಲ್ಲೇ ಏನೋ ಇದೆ. ಆ ಹೆಣ್ಣುಮಗಳು ಒಂದು ವರ್ಷ ಯಾರ ಮನೆಯ ಬಾಗಿಲಿಗೂ ಬರಲಿಲ್ಲ. ನಾನು ಆಗ ಹೊಸ ಮಾಸ್ತರ. ನನಗೆ ವಿಷಯ ಗೊತ್ತಿತ್ತು, ಹಿರಿಯರ ಎದುರು ಬಾಯಿ ಬರಲಿಲ್ಲ. ಇವತ್ತು ಹೇಳುತ್ತೇನೆ.

ಆ ಮಗುವಿನ ಸ್ಥಿತಿಗೆ ಅಕಾಂಡ್ರೊಪ್ಲೇಸಿಯಾ ಎಂದು ಹೆಸರು. ಮೂಳೆ ಬೆಳೆಯುವುದನ್ನು ಹಿಡಿತದಲ್ಲಿಡುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಜಗತ್ತಿನಲ್ಲಿ ಈ ಸ್ಥಿತಿ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ತಪ್ಪಿರುವುದು ಅದೇ ಅಕ್ಷರ. ಇವರಲ್ಲಿ ನೂರಕ್ಕೆ ಎಂಬತ್ತು ಮಂದಿಯ ಅಪ್ಪ ಅಮ್ಮ ಸಾಮಾನ್ಯ ಎತ್ತರದವರೇ. ಅಂದರೆ ತಪ್ಪು ಹೊಸದಾಗಿ ಬಿದ್ದದ್ದು. ಎಲ್ಲಿ ಬಿದ್ದದ್ದು? ಬಹುಪಾಲು ಅಪ್ಪನ ವೀರ್ಯಾಣುವಿನಲ್ಲಿ.

ಕಾರಣ ಸರಳ. ಹೆಣ್ಣಿನ ಅಂಡಾಣುಗಳ ನಕಲು ಕೆಲಸ ಅವಳು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಮುಗಿದಿರುತ್ತದೆ. ಗಂಡಿನ ಕಾರ್ಖಾನೆ ಹಾಗಲ್ಲ. ಹರೆಯದಿಂದ ಮುದಿತನದವರೆಗೆ ನಕಲಿನ ಮೇಲೆ ನಕಲು ನಡೆದೇ ಇರುತ್ತದೆ. 2012ರಲ್ಲಿ ಐಸ್‌ಲ್ಯಾಂಡಿನ ಕುಟುಂಬಗಳನ್ನು ನೋಡಿ ಲೆಕ್ಕ ಹಾಕಿದರು. ಅಪ್ಪನ ವಯಸ್ಸು ಒಂದು ವರ್ಷ ಹೆಚ್ಚಾದರೆ ಮಗುವಿನಲ್ಲಿ ಸುಮಾರು ಎರಡು ಹೊಸ ತಪ್ಪು ಹೆಚ್ಚು. ಇಲ್ಲಿ ಕೂತ ನಮ್ಮಲ್ಲಿ ಪ್ರತಿಯೊಬ್ಬರೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಅರವತ್ತು ಎಪ್ಪತ್ತು ಹೊಸ ತಪ್ಪುಗಳನ್ನು ಹೊತ್ತುಕೊಂಡೇ ಹುಟ್ಟಿದವರು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಅಪ್ಪನ ಕಡೆಯದು. ಹೆಚ್ಚಿನವು ಏನೂ ಮಾಡುವುದಿಲ್ಲ, ಸುಮ್ನೆ ಕೂತಿರುತ್ತವೆ.

(ಹೆಂಗಸರ ಕಡೆಯಿಂದ ಒಂದು ದನಿ: "ಇದನ್ನ ನಲವತ್ತು ವರ್ಷ ಮೊದಲೇ ಬಂದು ಹೇಳಲಾಗ್ತಿರಲಿಲ್ವಾ ಮಾಸ್ತರೇ?" ನನ್ನ ಬಳಿ ಉತ್ತರ ಇರಲಿಲ್ಲ.)

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಅಕ್ಷರವಲ್ಲ, ಪುಸ್ತಕದ ಒಂದು ಸಂಪುಟವೇ ಹೆಚ್ಚಿಗೆ ಬರುವುದೂ ಇದೆ. 21ನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. 1959ರಲ್ಲಿ ಇದು ಗೊತ್ತಾಯಿತು. ಇದರ ಸಾಧ್ಯತೆ ತಾಯಿಯ ವಯಸ್ಸಿನ ಜೊತೆ ಏರುತ್ತದೆ. ಆದರೆ ಅದೂ ಯಾರೂ ಮಾಡಿದ್ದಲ್ಲ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ತಪ್ಪು ಎಂದರೆ ಯಾವಾಗಲೂ ಕೆಟ್ಟದ್ದೇ? ಅದನ್ನು ಅಕ್ಷರ ನೋಡಿ ಹೇಳಲಾಗುವುದಿಲ್ಲ. ಆ ಜೀವ ಎಲ್ಲಿದೆ, ಏನು ತಿನ್ನುತ್ತದೆ ಎಂದು ನೋಡಬೇಕು. ಇದಕ್ಕೆ ನನ್ನ ಇಷ್ಟದ ಕತೆ ನಮ್ಮ ಕರಾವಳಿಯದೇ.

ಕಾರವಾರದ ದಕ್ಷಿಣಕ್ಕೆ, ಈಗ ನೌಕಾನೆಲೆ ಇರುವ ಜಾಗದ ಹತ್ತಿರ, ಅಂಜುದೀವ್ ಎಂಬ ದ್ವೀಪವಿದೆ. 1498ರ ಅಕ್ಟೋಬರ್ ಮೊದಲ ವಾರ ವಾಸ್ಕೋ ಡ ಗಾಮನ ಹಡಗುಗಳು ಅಲ್ಲಿಂದ ನೀರು ತುಂಬಿಕೊಂಡು ಊರಿನ ದಾರಿ ಹಿಡಿದವು. ಬರುವಾಗ ಮಳೆಗಾಲದ ಗಾಳಿ ಹಿಂದಿನಿಂದ ನೂಕಿ ಮೂರು ನಾಲ್ಕು ವಾರದೊಳಗೆ ಸಮುದ್ರ ದಾಟಿಸಿತ್ತು. ಹೋಗುವಾಗ ಗಾಳಿ ಇದಿರು. ಆಫ್ರಿಕಾದ ಕರೆ ಕಾಣಲು ಹತ್ತಿರ ಹತ್ತಿರ ಮೂರು ತಿಂಗಳು ಬೇಕಾಯಿತು. ನಾವಿಕರ ಒಸಡು ಊದಿ ಹಲ್ಲಿನ ಮೇಲೆ ಬಂತು, ಕಾಲು ಬಾತವು. ಸುಮಾರು ಮೂವತ್ತು ಮಂದಿ ಸತ್ತರು. ಮಲಿಂದಿ ಮುಟ್ಟಿದಾಗ ರೋಗಿಗಳು ಹಂಬಲಿಸಿದ್ದು ಕಿತ್ತಳೆ ಹಣ್ಣಿಗೆ. ನಡೆಸಲು ಜನರಿಲ್ಲದೆ ಒಂದು ಹಡಗನ್ನು ಸುಟ್ಟೇಬಿಟ್ಟರು.

ರೋಗ ಸ್ಕರ್ವಿ, ಕೊರತೆ ವಿಟಮಿನ್ ಸಿ. ಇದರ ಬೇರು ಇರುವುದು ಒಂದು ಹಳೆಯ ಮ್ಯೂಟೇಶನ್‌ನಲ್ಲಿ. ಆಡು, ಹಸು, ನಾಯಿ, ಇಲಿ ಎಲ್ಲವೂ ವಿಟಮಿನ್ ಸಿ ತಾವೇ ಮೈಯಲ್ಲಿ ಮಾಡಿಕೊಳ್ಳುತ್ತವೆ. ಆ ಹಡಗಿನ ಬಿಲದಲ್ಲಿದ್ದ ಇಲಿಗಳ ಒಸಡಿಗೆ ಏನೂ ಆಗಿರಲಿಕ್ಕಿಲ್ಲ. ನಮ್ಮಲ್ಲೂ ಅದನ್ನು ಮಾಡುವ ವಂಶವಾಹಿ ಇದೆ, ಆದರೆ ಮುರಿದಿದೆ. ಸುಮಾರು ಆರು ಕೋಟಿ ವರ್ಷದ ಹಿಂದೆ ನಮ್ಮ ಪೂರ್ವಜರಲ್ಲಿ ಮುರಿಯಿತು. ಆಗ ಯಾರೂ ಸಾಯಲಿಲ್ಲ. ಮರದ ಮೇಲಿನ ಬದುಕು, ತಿನ್ನಲು ಹಣ್ಣು, ಚಿಗುರು. ಮುರಿದದ್ದು ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಒಣ ರೊಟ್ಟಿ ತುಂಬಿಕೊಂಡು ನಡು ಸಮುದ್ರಕ್ಕೆ ಹೋದಾಗ. ಅಂದಹಾಗೆ, ನಿಮ್ಮ ತೋಟ ಹಾಳು ಮಾಡುವ ಮಂಗನಲ್ಲೂ ಅದೇ ವಂಶವಾಹಿ ಮುರಿದಿದೆ. ಪಾಲು ಪಂಚಾಯ್ತಿ ಆಗಿ ಎಷ್ಟೇ ಕಾಲವಾಗಿರಲಿ, ಒಂದೇ ತಪ್ಪು ಇಬ್ಬರ ಪಹಣಿಯಲ್ಲೂ ಇದ್ದರೆ ಮೂಲ ಖಾತೆ ಒಂದೇ ಅಂತ ಅರ್ಥ, ಅಲ್ವಾ?

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕರಿ ಚಿರತೆ ಬೇರೆ ಪ್ರಾಣಿಯಲ್ಲ, ಚಿರತೆಯೇ. ಒಂದು ವಂಶವಾಹಿ ಕೆಲಸ ಬಿಟ್ಟದ್ದರಿಂದ ಮೈಯೆಲ್ಲ ಕಪ್ಪು. ಬಿಸಿಲಿಗೆ ಬಂದಾಗ ನೋಡಿದರೆ ಒಳಗೆ ಚುಕ್ಕೆ ಕಾಣುತ್ತದೆ. ತಾಯಿ ತಂದೆ ಇಬ್ಬರಿಂದಲೂ ಆ ತಪ್ಪು ಬಂದರೆ ಮಾತ್ರ ಮರಿ ಕಪ್ಪು. ಹಾಗಾಗಿ ಚುಕ್ಕೆಯ ತಾಯಿಯ ಹಿಂದೆ ಒಂದು ಕಪ್ಪು ಮರಿ, ಒಂದು ಚುಕ್ಕೆ ಮರಿ ಹೋಗಬಹುದು. ಅಣಶಿಯ ಕತ್ತಲೆ ಕಾಡಿನಲ್ಲಿ ಕಪ್ಪು ಬಣ್ಣ ಅಡ್ಡಿಯಲ್ಲ. ಬಯಲಿನ ಹುಲ್ಲಿನಲ್ಲಿ ಅದೇ ಬಣ್ಣ ಎದ್ದು ಕಾಣುತ್ತದೆ.

ಕುಡಗೋಲು ಕಣ ರೋಗದ್ದೂ ಇದೇ ಕತೆ. ರಕ್ತದ ಹಿಮೋಗ್ಲೋಬಿನ್ ಮಾಡುವ ವಂಶವಾಹಿಯಲ್ಲಿ ಒಂದೇ ಅಕ್ಷರ ಎ ಹೋಗಿ ಟಿ. ಇಬ್ಬರಿಂದಲೂ ಬಂದರೆ ಜೀವ ಹಿಂಡುವ ನೋವು. ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದಿಂದ ಸಾಕಷ್ಟು ರಕ್ಷಣೆ. ಮಲೇರಿಯಾ ಇದ್ದ ಊರುಗಳಲ್ಲೇ ಅದು ಉಳಿದುಬಂತು.

ಒಂದು ತಪ್ಪು ತಿಳಿವಳಿಕೆ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಬೇಕಾದಾಗ ಬೇಕಾದ ಮ್ಯೂಟೇಶನ್ ಬರುತ್ತದೆ ಅಂತ. ಬರುವುದಿಲ್ಲ. ಕುಮಟಾ ಕಡೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಉಪ್ಪುನೀರನ್ನು ತಡೆದು ನಿಲ್ಲುತ್ತದೆ. ಉಪ್ಪು ನೋಡಿ ಭತ್ತ ಪಾಠ ಕಲಿತದ್ದಲ್ಲ. ತಡೆಯುವ ಗುಣ ಇದ್ದ ಗಿಡ ಉಳಿಯಿತು, ಉಳಿದದ್ದರ ಬೀಜವನ್ನು ರೈತರು ಎತ್ತಿಟ್ಟರು. ಬದಲಾವಣೆ ಮೊದಲು, ಪರೀಕ್ಷೆ ಆಮೇಲೆ. 1943ರಲ್ಲಿ ಲೂರಿಯಾ, ಡೆಲ್‌ಬ್ರುಕ್ ಎಂಬಿಬ್ಬರು ಬ್ಯಾಕ್ಟೀರಿಯಾಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ, ನಿಮ್ಮಷ್ಟಕ್ಕೆ ಅಂಗಡಿಯಿಂದ ತಂದು ನುಂಗಬೇಡಿ ಅನ್ನುವುದೂ ಇದಕ್ಕೇ. ಔಷಧಿಗೆ ಜಗ್ಗದ ಒಂದೆರಡು ಬ್ಯಾಕ್ಟೀರಿಯಾ ಮೊದಲೇ ಅಲ್ಲಿ ಇರಬಹುದು, ಉಳಿದು ಬೆಳೆಯುವುದು ಅವೇ.

ಕೊನೆಗೆ ಅಡಿಕೆಗೇ ಬರುತ್ತೇನೆ, ಇಲ್ಲದಿದ್ದರೆ ನೀವು ಮನೆಗೆ ಬಿಡುವುದಿಲ್ಲ. ಈಗ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಸಿಗುವುದೇ ಕಷ್ಟ. ಸಿಕ್ಕರೂ ಅವರ ದಿನ, ಅವರ ದರ. ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ಗಿಡ್ಡ ಅಡಿಕೆ ಮರ ಸಿಕ್ಕಿತು. ಯಾರೂ ಮಾಡಿದ್ದಲ್ಲ, ತಾನಾಗಿ ಬಿದ್ದ ಮ್ಯೂಟೇಶನ್. ಅದರ ಅಡಿಕೆ ಅಷ್ಟಕ್ಕಷ್ಟೆ. ವಿಟ್ಲದ ಸಂಶೋಧನಾ ಕೇಂದ್ರದವರು ಅದನ್ನು ಸುಮಂಗಲ, ಮೋಹಿತ್‌ನಗರ ತಳಿಗಳ ಜೊತೆ ಕೂಡಿಸಿ ಗಿಡ್ಡ ಮಿಶ್ರತಳಿಗಳನ್ನು ಮಾಡಿದರು. ಕಾಡಿನಲ್ಲಿ ಹುಟ್ಟಿದ್ದರೆ ಆ ಗಿಡ್ಡ ಮರ ಬೆಳಕು ಸಿಗದೆ ಸಾಯುತ್ತಿತ್ತು. ತೋಟದಲ್ಲಿ ಅದಕ್ಕೆ ರಾಜಮರ್ಯಾದೆ.

(ಮಳೆ ಅಷ್ಟರಲ್ಲಿ ನಿಂತಿತ್ತು. ಮೂರನೇ ಸಾಲಿನ ಹಿರಿಯರು ಎದ್ದು ಬಂದರು. "ಗಿಡ್ಡ ಸಸಿ ಎಲ್ಲಿ ಸಿಕ್ತದೆ?" ಅಂತ ಮೊದಲು ಕೇಳಿದರು. ಆಮೇಲೆ ಚೀಲ ಬಿಚ್ಚಿ ಕಾಗದ ತೋರಿಸಿದರು. ಅವರದೂ ಒಂದು ಅಂಕೆಯ ತಪ್ಪೇ. ಸೋಮವಾರ ಇಬ್ಬರೂ ಒಟ್ಟಿಗೇ ಕಚೇರಿಗೆ ಹೋಗುವುದು ಅಂತ ಮಾತಾಯಿತು. ಹೊರಗೆ ಬಂದು ನೋಡಿದರೆ ನನ್ನ ಕೊಡೆ ಇರಲಿಲ್ಲ.)